‘ಇವತ್ತು ಬೇಡ’ ಅನ್ನೋಕೆ ಒಬ್ಬರು ಬೇಕು

ಸ್ಕೀಯಿಂಗ್ ಬಗ್ಗೆ ಕನ್ನಡದಲ್ಲಿ ಬರೆಯೋದು ಅಂದ್ರೆ ಸ್ವಲ್ಪ ಮುಜುಗರವೇ. ನಂಜನಗೂಡಿನವನಿಗೆ ಹಿಮ ಅಂದ್ರೆ ಏನು? ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳೋ ಬಿಳಿ ಪದರ. ಇಲ್ಲಾ ಅಂದ್ರೆ ನಾಯಕ ಸ್ವೆಟರ್ ಹಾಕ್ಕೊಂಡು, ನಾಯಕಿ ಪಾಪ ತೆಳು ಸೀರೆ ಉಟ್ಕೊಂಡು ಹಾಡೋ ಜಾಗ :-) ಅದರ ಮೇಲೆ ಎರಡು ಪಟ್ಟಿ ಕಾಲಿಗೆ ಕಟ್ಟಿಕೊಂಡು ಬೆಟ್ಟದಿಂದ ಜಾರೋದಕ್ಕೆ ದುಡ್ಡು ಕೊಡೋದು ಅಂದ್ರೆ ನಮ್ಮೂರಲ್ಲಿ ನಗ್ತಾರೆ. ನಗಲಿ. ನಾನು ಹೇಳೋಕೆ ಹೊರಟಿರೋದು ಜಾರೋದರ ಬಗ್ಗೆ ಅಷ್ಟಾಗಿ ಅಲ್ಲ. ಆ ಬೆಟ್ಟದಲ್ಲಿ ಕಂಡ ಒಂದು ಹಗ್ಗದ ಬಗ್ಗೆ. ಅಂಥದ್ದೊಂದು ಹಗ್ಗ ನಮ್ಮ ಕಪಿಲೆಯ ದಡದಲ್ಲಿ ಯಾಕಿಲ್ಲ ಅನ್ನೋದರ ಬಗ್ಗೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರೋ ಕನ್ನಡದವರಿಗೆ ಚಳಿಗಾಲ ಬಂತು ಅಂದ್ರೆ ಟಾಹೋ ಸರೋವರದ ಕಡೆ ಹೋಗೋದು ಒಂದು ವಾಡಿಕೆ. ಟ್ರಾಫಿಕ್ ಇಲ್ಲದಿದ್ದರೆ ನಾಲ್ಕು ಗಂಟೆ ದಾರಿ. ಕಾರಿನಲ್ಲಿ ಪುಳಿಯೋಗರೆ, ಡಿಕ್ಕಿಯಲ್ಲಿ ಟೈರಿಗೆ ಕಟ್ಟೋ ಚೈನು. ನಾವು ಹೋದ ದಿನ ಹವಾಮಾನ ಕೆಟ್ಟದಾಗಿತ್ತು. ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಜಿಟಿಜಿಟಿ ಮಳೆ, ಮೇಲೆ ಬೆಟ್ಟದಲ್ಲಿ ಹಿಮ, ತುದಿಯಲ್ಲಿ ಗಾಳಿ. ಕೆಳಗೆ ನಿಂತವರಿಗೆ ಆ ಗಾಳಿ ಗೊತ್ತೇ ಆಗ್ತಿರಲಿಲ್ಲ. ಆದರೆ ಟಿಕೆಟ್ ಕೌಂಟರ್ ಪಕ್ಕ ಒಂದು ದೊಡ್ಡ ಬೋರ್ಡು ಇತ್ತು. ಅದರಲ್ಲಿ ಪ್ರತಿ ಲಿಫ್ಟಿನ ಹೆಸರು, ಎದುರಿಗೆ ಹಸಿರು ದೀಪ ಇಲ್ಲವೇ ಕೆಂಪು ದೀಪ. ಅವತ್ತು ಅರ್ಧಕ್ಕರ್ಧ ಕೆಂಪು.

ಇದಕ್ಕೆ ಅಲ್ಲಿ ‘ವಿಂಡ್ ಹೋಲ್ಡ್’ ಅಂತಾರೆ. ಲಿಫ್ಟು ಅಂದ್ರೆ ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಗಳ ಸಾಲು. ಅಡ್ಡಗಾಳಿ ಬೀಸಿದರೆ ಕುರ್ಚಿ ಪಕ್ಕಕ್ಕೆ ಓಲಾಡಿ ಕಂಬಕ್ಕೆ ಬಡಿಯಬಹುದು, ಹಗ್ಗ ಚಕ್ರದಿಂದ ಜಾರಬಹುದು. ಅದಕ್ಕೇ ಮೇಲೆ ಗಾಳಿಯ ವೇಗ ನೋಡ್ತಾನೇ ಇರ್ತಾರೆ. ಜಾಸ್ತಿ ಆಯ್ತು ಅಂದ್ರೆ ಕೂತವರನ್ನೆಲ್ಲ ಇಳಿಸಿ ನಿಲ್ಲಿಸಿಬಿಡ್ತಾರೆ. ಟಿಕೆಟ್ ತಗೊಂಡವರು ಸಾವಿರ ಜನ ಕಾಯ್ತಿದ್ದರೂ ಸರಿ. ದೊಡ್ಡ ಬೆಟ್ಟಗಳಲ್ಲಿ ಕೌಂಟರಿನಲ್ಲಿ ಕೊಳ್ಳೋ ಒಂದು ದಿನದ ಟಿಕೆಟ್ಟು 200 ಡಾಲರ್ ದಾಟುತ್ತೆ ಅನ್ನೋದು ನೆನಪಿರಲಿ.

ಉಳಿದ ಕಡೆ ಜಾರಿದೆವು. ಹೇಗಿತ್ತು ಅಂತೀರಾ? ಆಕಾಶವೂ ಬಿಳಿ, ನೆಲವೂ ಬಿಳಿ, ಮಧ್ಯೆ ಗೆರೆಯೇ ಇಲ್ಲ. ನೆರಳು ಬೀಳದೇ ಇರೋದರಿಂದ ಮುಂದಿನ ಉಬ್ಬು, ತಗ್ಗು ಕಣ್ಣಿಗೆ ಕಾಣಲ್ಲ. ಕಾಲಿಗೆ ತಾಗಿದ ಮೇಲೇನೇ ಗೊತ್ತಾಗೋದು. ಇಂಥ ದಿನ ಅನುಭವಸ್ಥರು ಮರಗಳ ಸಾಲಿನ ಪಕ್ಕದಲ್ಲೇ ಇಳೀತಾರೆ, ಕಪ್ಪು ಕಾಂಡಗಳಿದ್ದರೆ ಕಣ್ಣಿಗೊಂದು ಆಧಾರ. ಹಿಮವೂ ಸಿನಿಮಾದ ಹತ್ತಿಯಂಥ ಹಿಮ ಅಲ್ಲ. ಪೆಸಿಫಿಕ್ ಸಾಗರದಿಂದ ಬರೋ ಒದ್ದೆ ಮೋಡ ಸುರಿಯೋ ಭಾರದ ಹಿಮ. ಅದಕ್ಕೆ ‘ಸಿಯೆರಾ ಸಿಮೆಂಟ್’ ಅಂತಲೇ ಅಡ್ಡಹೆಸರು. ಗದ್ದೆ ಕೆಸರಲ್ಲಿ ಕಾಲು ಹೂತ ಹಾಗೆ ಸ್ಕೀ ಹೂತುಕೊಳ್ಳುತ್ತೆ, ಮಂಡಿ ತಿರುಚಿಕೊಳ್ಳುತ್ತೆ. ಅಮೆರಿಕದಲ್ಲಿ ಇಳಿಜಾರಿಗೆ ಹಸಿರು, ನೀಲಿ, ಕಪ್ಪು ಅಂತ ಮೂರು ಬಣ್ಣದ ಗುರುತು. ನಾನು ಹಸಿರಿನವನು. ಅದೇ ಹಸಿರು ದಾರಿಯಲ್ಲಿ ಏಳೆಂಟು ಸಲ ಇಳಿದೆ, ಮೂರು ಸಲ ಬಿದ್ದೆ, ಬಿಸಿ ಚಾಕೊಲೇಟ್ ಕುಡಿದೆ. ಬಹಳ ಖುಷಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ತಿರುವಿನಲ್ಲಿ ಕಂಡಿದ್ದು ಆ ಹಗ್ಗ. ಬಿದಿರು ಕೋಲುಗಳಿಗೆ ಕಟ್ಟಿದ ತೆಳ್ಳನೆಯ ಹಗ್ಗ, ಮಧ್ಯೆ ‘ಕ್ಲೋಸ್ಡ್’ ಅನ್ನೋ ಫಲಕ. ಮಕ್ಕಳೂ ದಾಟಬಹುದಾದ ಹಗ್ಗ ಅದು. ಪಕ್ಕದಲ್ಲಿ ಕೆಂಪು ಜಾಕೆಟ್ಟಿನ ಒಬ್ಬಳು ಸ್ಕೀ ಪೆಟ್ರೋಲಿನ ಹುಡುಗಿ. ಆರಡಿ ಎತ್ತರದ ಒಬ್ಬ ಹುಡುಗ ಬಂದು ‘ನಿನ್ನೆ ಇದೇ ದಾರೀಲಿ ಇಳಿದಿದ್ದೆ’ ಅಂದ. ಅವಳು ‘ನಿನ್ನೆ ಸರಿ, ಇವತ್ತು ಬೇಡ’ ಅಂದಳು. ಅಷ್ಟೇ. ಅವನು ಗೊಣಗಿಕೊಂಡು ಬೇರೆ ದಾರಿ ಹಿಡಿದ. ‘ನೀನ್ಯಾರು ಕೇಳೋಕೆ’ ಅನ್ನಲಿಲ್ಲ, ‘ನಮ್ಮಪ್ಪ ಯಾರು ಗೊತ್ತಾ’ ಅನ್ನಲಿಲ್ಲ. ಹಗ್ಗ ದಾಟಿದರೆ ಪಾಸು ಕಿತ್ತುಕೊಳ್ತಾರೆ ಅನ್ನೋ ಭಯ ಇದ್ದೇ ಇರುತ್ತೆ. ಆದರೆ ಬರೀ ಭಯ ಅಂತ ನನಗನ್ನಿಸಲಿಲ್ಲ. ಬೆಳಗ್ಗೆ ನಾವೆಲ್ಲ ಮಲಗಿರೋವಾಗಲೇ ಇವರು ಮೇಲೆ ಹೋಗಿ, ಹಿಮ ಎಲ್ಲಿ ಸಡಿಲ ಇದೆ ಅಂತ ನೋಡಿ, ಬೇಕಾದ ಕಡೆ ಸಿಡಿಮದ್ದು ಹಾಕಿ ಉರುಳಿಸಿ ಬಂದಿರ್ತಾರೆ ಅನ್ನೋದು ಅವನಿಗೆ ಗೊತ್ತು. ಹಾಗಾಗಿ ಅವಳ ‘ಬೇಡ’ಕ್ಕೆ ತೂಕ.

ಇದು ನಮ್ಮಂಥ ಎಡವೋರಿಗೆ ಮಾತ್ರ ಇರೋ ನಿಯಮ ಅಂದ್ಕೋಬೇಡಿ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಪುರುಷರ ಡೌನ್‌ಹಿಲ್ ಅಂದ್ರೆ ಇಡೀ ಕೂಟದ ದೊಡ್ಡ ರೇಸುಗಳಲ್ಲೊಂದು. ಫೆಬ್ರವರಿ 6ಕ್ಕೆ ನಡೀಬೇಕಿತ್ತು. ಗಾಳಿ ಜೋರಾಗಿತ್ತು, ಮಾರನೇ ದಿನಕ್ಕೆ ಮುಂದೂಡಿದರು. ಜಗತ್ತೆಲ್ಲ ಟೀವಿ ಮುಂದೆ ಕೂತಿತ್ತು, ಜಗತ್ತಿನ ಅತಿ ವೇಗದ ಸ್ಕೀಪಟುಗಳು ಸಿದ್ಧವಾಗಿದ್ದರು. ಆದರೂ ‘ಇವತ್ತು ಬೇಡ’. ಒಂದು ವಾರದ ಮೇಲೆ, 13ರಂದು, ನಮ್ಮ ದೇಶದಿಂದ ಹೋದ ಒಬ್ಬನೇ ಒಬ್ಬ ಕ್ರೀಡಾಪಟು, ಕಾಶ್ಮೀರದ ಆರಿಫ್ ಖಾನ್, ಜಯಂಟ್ ಸ್ಲಾಲಮ್‌ನಲ್ಲಿ ಇಳಿದರು. ಅವತ್ತು ಸಿಕ್ಕಾಪಟ್ಟೆ ಹಿಮ ಸುರೀತಿತ್ತು, ಮುಂದಿನ ಗೇಟು ಕಾಣೋದೇ ಕಷ್ಟ. ಘಟಾನುಘಟಿಗಳೇ ಬಿದ್ದು ಹೊರನಡೆದರು. ಎರಡನೇ ಸುತ್ತು ತಡವಾಗಿ ಶುರುವಾಯ್ತು. ಆರಿಫ್ ಎರಡೂ ಸುತ್ತು ಮುಗಿಸಿ 45ನೆಯವರಾದರು. ಕೆಟ್ಟ ಹವಾಮಾನದಲ್ಲೂ ಆಟ ಆಡಬಹುದು, ಆಡಿದರು. ಎಷ್ಟು ಕೆಟ್ಟರೆ ನಿಲ್ಲಿಸಬೇಕು ಅಂತ ತೀರ್ಮಾನ ಮಾಡೋಕೆ ಮಾತ್ರ ಒಬ್ಬರಿದ್ದರು.

ಇಷ್ಟೆಲ್ಲ ಇದ್ದೂ ಅಲ್ಲಿ ಜನ ಸಾಯಲ್ವಾ? ಸಾಯ್ತಾರೆ. 2024ರ ಜನವರಿ 10ರಂದು ಅದೇ ಟಾಹೋ ಭಾಗದ ಪ್ಯಾಲಿಸೇಡ್ಸ್‌ನಲ್ಲಿ, ಪೆಟ್ರೋಲಿನವರು ನೋಡಿ ತೆರೆದಿದ್ದ ಇಳಿಜಾರಿನಲ್ಲೇ ಹಿಮಪಾತವಾಗಿ ಒಬ್ಬರು ತೀರಿಕೊಂಡರು. ಪ್ರಕೃತಿ ಮುಂದೆ ಯಾರ ಲೆಕ್ಕವೂ ಪಕ್ಕಾ ಅಲ್ಲ. ಆದರೆ ಹಿಮ ಕುಸಿದ ಕೂಡಲೇ ಬೆಟ್ಟವನ್ನೇ ಮುಚ್ಚಿದರು, ನೂರಕ್ಕೂ ಹೆಚ್ಚು ಜನ ಉದ್ದ ಕೋಲು ಹಿಡಿದು ಸಾಲಾಗಿ ನಿಂತು ಹಿಮ ಚುಚ್ಚಿ ಚುಚ್ಚಿ ಹುಡುಕಿದರು. ಆರೇ ವಾರದ ನಂತರ, ಫೆಬ್ರವರಿ 22ರಂದು, ನಮ್ಮ ಗುಲ್ಮಾರ್ಗ್‌ನಲ್ಲಿ ಗುರುತು ಹಾಕಿದ ದಾರಿ ಬಿಟ್ಟು ಹೋಗಿದ್ದ ವಿದೇಶಿ ತಂಡ ಹಿಮಪಾತಕ್ಕೆ ಸಿಕ್ಕಿ ರಷ್ಯಾದ ಒಬ್ಬರು ಸತ್ತರು. ‘ಬೇಡ’ ಅನ್ನೋರಿದ್ದರೆ ಸಾವೇ ಬರಲ್ಲ ಅಂತ ನಾನು ವಾದ ಮಾಡ್ತಿಲ್ಲ. ಬರೋ ಸಾವುಗಳಲ್ಲಿ ಸುಮ್ಮಸುಮ್ಮನೆ ಬರೋವು ಎಷ್ಟೋ ಇರ್ತವಲ್ಲ, ಅವನ್ನು ತಡೀಬಹುದು ಅಂತಿದ್ದೀನಿ.

* * *

ಈಗ ನಮ್ಮೂರಿಗೆ ಬರೋಣ. ಹಿಮದ ಬೆಟ್ಟಕ್ಕೂ ಕಪಿಲೆಗೂ ಎತ್ತಣಿಂದೆತ್ತ ಸಂಬಂಧ ಅಂತ ಕೇಳಬಹುದು. ಎರಡೂ ಕಡೆ ಇರೋದು ಇಳಿಜಾರು, ಎರಡೂ ಕಡೆ ಜಾರೋದು ನೀರೇ. ಅಲ್ಲಿ ಗಟ್ಟಿಯಾಗಿದೆ, ಇಲ್ಲಿ ಹರೀತಿದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಹೋಲಿಕೆ ಅಂದ್ರೆ ಅಪಾಯ ನಾವು ನಿಂತ ಜಾಗದಲ್ಲಿ ಕಾಣಲ್ಲ, ಮೇಲೆಲ್ಲೋ ಇರುತ್ತೆ.

ಕಪಿಲೆ, ಅಂದ್ರೆ ಕಬಿನಿ, ಹುಟ್ಟೋದು ಕೇರಳದ ವಯನಾಡಿನಲ್ಲಿ. ಅಲ್ಲಿ ಮುಂಗಾರು ಹುಯ್ದರೆ ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಅಣೆಕಟ್ಟೆ ತುಂಬುತ್ತೆ. 1974ರಲ್ಲಿ ಮುಗಿದ ಈ ಅಣೆಕಟ್ಟೆ ಹಿಡಿಯೋದು 19.52 ಟಿಎಂಸಿ. ಕೆಆರ್‌ಎಸ್ ಮುಂದೆ ಸಣ್ಣದು, ಬೇಗ ತುಂಬುತ್ತೆ. ತುಂಬಿದ ಮೇಲೆ ಬಂದ ನೀರನ್ನು ಬಿಡಲೇಬೇಕು. ಬಿಟ್ಟ ನೀರು ನಂಜನಗೂಡಿಗೆ ಬರುತ್ತೆ, ಸುತ್ತೂರು ದಾಟಿ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತೆ. ಅವತ್ತು ನಂಜನಗೂಡಿನಲ್ಲಿ ಒಂದು ಹನಿ ಮಳೆ ಬಿದ್ದಿರಬೇಕು ಅಂತೇನಿಲ್ಲ. ಬಿಸಿಲು ಚೆನ್ನಾಗಿರುತ್ತೆ, ದೇವಸ್ಥಾನದ ಮುಂದೆ ಬಾಳೆಹಣ್ಣು ಮಾರ್ತಿರ್ತಾರೆ, ಮುಡಿ ಕೊಟ್ಟ ಭಕ್ತರು ಸ್ನಾನಕ್ಕೆ ಇಳೀತಿರ್ತಾರೆ. ನದಿ ಮಾತ್ರ ವಯನಾಡಿನ ಹವಾಮಾನದಲ್ಲಿ ಹರೀತಿರುತ್ತೆ.

2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಊರುಗಳನ್ನು ಕೊಚ್ಚಿಕೊಂಡು ಹೋದ ಭೂಕುಸಿತ ನಿಮಗೆಲ್ಲ ನೆನಪಿದೆ. ಆ ಇಳಿಜಾರಿನ ನೀರು ಪಶ್ಚಿಮಕ್ಕೆ ಚಾಲಿಯಾರ್ ಹೊಳೆಗೆ ಹೋಯ್ತು. ಅದೇ ಮಳೆ ಬೆಟ್ಟದ ಈ ಕಡೆ ಬಿದ್ದಿದ್ದು ನಮ್ಮ ಕಪಿಲೆಗೆ ಬಂತು, ಮೈಸೂರು–ನಂಜನಗೂಡು ರಸ್ತೆಗೆ ನೀರು ನುಗ್ಗಿತು. ಒಂದೇ ಆಕಾಶದ ಎರಡು ಮಗ್ಗುಲು.

ನಮ್ಮ ಅಜ್ಜಿ ಕಾಲದವರಿಗೆ ನದಿ ಓದೋ ವಿದ್ಯೆ ಗೊತ್ತಿತ್ತು. ನೀರಿನ ಬಣ್ಣ ನೋಡಿ, ತೇಲಿ ಬರೋ ಕಸ ಕಡ್ಡಿ ನೋಡಿ ‘ಹೊಸ ನೀರು ಬಂತು ಕಣೋ, ಇವತ್ತು ಮೆಟ್ಟಿಲ ಮೇಲೇ ತಂಬಿಗೇಲಿ ಹುಯ್ಕೋ’ ಅಂತಿದ್ದರು. ಸ್ನಾನಘಟ್ಟದ ಹತ್ತಿರದ ಹದಿನಾರು ಕಾಲು ಮಂಟಪ ನಮ್ಮೂರಿನ ಅಳತೆಗೋಲು. ಇವತ್ತಿಗೂ ನಂಜನಗೂಡಿನವರು ಪ್ರವಾಹ ಎಷ್ಟು ಅಂತ ಕೇಳೋದು ‘ಮಂಟಪ ಮುಳುಗಿತಾ?’ ಅಂತಲೇ. ಆದರೆ ಆ ವಿದ್ಯೆ ಕಲಿತದ್ದು ನಿಧಾನಕ್ಕೆ ಏರೋ ನದಿಯಿಂದ. ಗೇಟು ತೆಗೆದಾಗ ಏರೋ ನದಿಯ ವೇಗವೇ ಬೇರೆ. ಮೇಲಾಗಿ ಸ್ನಾನಕ್ಕೆ ಇಳಿಯೋ ಜನರಲ್ಲಿ ಊರವರು ಎಷ್ಟು? ತುಮಕೂರು, ತಮಿಳುನಾಡು, ಕೇರಳ ಅಂತ ಎಲ್ಲೆಲ್ಲಿಂದಲೋ ಬಂದವರು. ಶ್ರಾವಣ ಸೋಮವಾರ ಅಂತ ಬರೋರು ಬರೋದು ಸರಿಯಾಗಿ ಪ್ರವಾಹದ ಕಾಲದಲ್ಲೇ. ಅವರಿಗೆ ಮಂಟಪದ ಲೆಕ್ಕ ಹೇಳೋರು ಯಾರು?

ತಿರುಮಕೂಡಲು ನರಸೀಪುರದಲ್ಲಂತೂ ಇನ್ನೂ ಗೋಜಲು. ಅಲ್ಲಿಗೆ ಬರೋ ಕಪಿಲೆಗೆ ಕಬಿನಿಯ ಗೇಟು, ಕಾವೇರಿಗೆ ಕೆಆರ್‌ಎಸ್ ಗೇಟು. ಎರಡು ಕಡೆಯ ತೀರ್ಮಾನ ಒಂದೇ ಮರಳದಂಡೆಯಲ್ಲಿ ಕೂಡುತ್ತೆ. ಒಂದು ಹೊಳೆ ಸಾಧುವಾಗಿ ಹರೀತಿರೋವಾಗ ಇನ್ನೊಂದು ರಭಸದಲ್ಲಿರಬಹುದು. ಗುಂಜಾ ನರಸಿಂಹಸ್ವಾಮಿ ದರ್ಶನ ಮುಗಿಸಿ ‘ನೀರು ಎಷ್ಟು ಚೆನ್ನಾಗಿದೆ ಬನ್ರೋ’ ಅಂತ ಇಳಿಯೋ ಕಾಲೇಜು ಹುಡುಗರಿಗೆ ಇದೆಲ್ಲ ಹೊಳೆಯಲ್ಲ. ಕೆಳಗೆ ತಲಕಾಡಿನಲ್ಲೂ ಅದೇ ಕತೆ.

ಪತ್ರಿಕೆಯಲ್ಲಿ ದಿನಾ ‘ಒಳಹರಿವು, ಹೊರಹರಿವು’ ಬರುತ್ತಲ್ಲ ಅಂತೀರಿ. ಬರುತ್ತೆ. ನೀರು ಬಿಡೋವಾಗ ನದಿಪಾತ್ರದ ಜನರಿಗೆ ಎಚ್ಚರಿಕೆಯ ಪ್ರಕಟಣೆಯೂ ಬರುತ್ತೆ. 2019ರ ಆಗಸ್ಟಿನಲ್ಲಿ ಕಬಿನಿಯಿಂದ ಬಿಟ್ಟಿದ್ದು ಲಕ್ಷ ಕ್ಯೂಸೆಕ್ ದಾಟಿತ್ತು ಅಂತ ಎಲ್ಲರೂ ಓದಿದೆವು. ಲಕ್ಷ ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ, ನೀವು ಒಂದು ಸಲ ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ 280 ಟ್ಯಾಂಕರ್. ಈ ಅಂಕಿ ಬೇಕಾಗಿರೋದು ಮೆಟ್ಟಿಲ ಮೇಲೆ ಪಂಚೆ ಎತ್ತಿಕಟ್ಟಿ ನಿಂತವನಿಗೆ. ಅವನ ಕಣ್ಣ ಮುಂದೆ ಮಾತ್ರ ಅದು ಇಲ್ಲ.

ಅವನ ಕಣ್ಣ ಮುಂದೆ ಇರೋದು ಇನ್ನೊಂದು ಬೋರ್ಡು. ‘ಅಪಾಯ. ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ.’ ಬಣ್ಣ ಮಾಸಿರುತ್ತೆ, ಅರ್ಧ ಅಕ್ಷರ ಉದುರಿರುತ್ತೆ. ನನ್ನ ತಕರಾರು ಬಣ್ಣದ ಬಗ್ಗೆ ಅಲ್ಲ. ಏಪ್ರಿಲ್‌ನಲ್ಲಿ ಮೊಣಕಾಲುದ್ದ ನೀರಿರೋವಾಗಲೂ ಆ ಬೋರ್ಡು ‘ಬೇಡ’ ಅನ್ನುತ್ತೆ, ಆಗಸ್ಟಿನಲ್ಲಿ ಮಂಟಪ ಮುಳುಗೋವಾಗಲೂ ಅದೇ ದನಿಯಲ್ಲಿ ‘ಬೇಡ’ ಅನ್ನುತ್ತೆ. ವರ್ಷಕ್ಕೆ 365 ದಿನ ‘ಬೇಡ’ ಅನ್ನೋ ಬೋರ್ಡಿನ ಮಾತನ್ನು ಜನ ಒಂದು ದಿನವೂ ಕೇಳಲ್ಲ. ಕೇಳಬೇಕಾಗೂ ಇಲ್ಲ, ಯಾಕಂದ್ರೆ ಅದು ಸುಳ್ಳು ಹೇಳುತ್ತೆ. ಅದರ ಪಕ್ಕದಲ್ಲೇ ನೂರಾರು ಜನ ಆರಾಮಾಗಿ ಸ್ನಾನ ಮಾಡ್ತಿರ್ತಾರೆ. ಆ ಹಿಮದ ಬೆಟ್ಟದ ಹಗ್ಗಕ್ಕೆ ಬೆಲೆ ಬಂದಿದ್ದು ನಿನ್ನೆ ಅಲ್ಲಿ ಹಗ್ಗ ಇರಲಿಲ್ಲ ಅನ್ನೋದರಿಂದ. ‘ನಿನ್ನೆ ಸರಿ’ ಅಂತ ಒಪ್ಪಿಕೊಳ್ಳೋರಿಗೆ ಮಾತ್ರ ‘ಇವತ್ತು ಬೇಡ’ ಅನ್ನೋ ಅಧಿಕಾರ.

‘ಬೇಡ’ ಅನ್ನೋರಿಲ್ಲದ ಕಡೆ ಏನಾಗುತ್ತೆ ಅಂದ್ರೆ, ಚಪ್ಪಾಳೆ ಹೊಡೆಯೋರು ಹುಟ್ಟಿಕೊಳ್ತಾರೆ. 2019ರ ಅದೇ ಪ್ರವಾಹದಲ್ಲಿ ನಂಜನಗೂಡಿನ ಹತ್ತಿರ ಹೆಜ್ಜಿಗೆ ಸೇತುವೆಯಿಂದ ಸುಮಾರು 60 ವರ್ಷದ ಹಿರಿಯರೊಬ್ಬರು ಉಕ್ಕೋ ನದಿಗೆ ಹಾರಿದರು. ಒಳ್ಳೆ ಈಜುಗಾರರಂತೆ, ಹಿಂದೆಯೂ ಹಾರಿದ್ದರಂತೆ. ಮೊಬೈಲಿನಲ್ಲಿ ತೆಗೆದ ವಿಡಿಯೋ ಎಲ್ಲ ಕಡೆ ಓಡಾಡಿತು. ಎರಡು ದಿನ ಪತ್ತೆಯಿಲ್ಲ, ಸತ್ತೇಹೋದರು ಅಂತ ಎಲ್ಲರೂ ಅಂದುಕೊಂಡರು. ಆಮೇಲೆ ವಾಪಸ್ಸು ಬಂದರು! ಸೇತುವೆಯ ಕಂಬದ ಹತ್ತಿರ ಸಿಕ್ಕಿಕೊಂಡು ಹೇಗೋ ಬದುಕಿದೆ ಅಂದರು. ಬದುಕಿ ಬಂದದ್ದು ನಂಜುಂಡೇಶ್ವರನ ದಯೆ, ಅವರ ತಾಕತ್ತು, ಎರಡೂ ಹೌದು. ನನಗೆ ಕಸಿವಿಸಿ ಆಗೋದು ಸೇತುವೆ ಮೇಲೆ ನಿಂತು ಫೋನ್ ಎತ್ತಿ ಹಿಡಿದ ಅಷ್ಟೂ ಕೈಗಳ ಬಗ್ಗೆ. ಹಾಗೆ ಬರದೇ ಹೋದವರ ವಿಡಿಯೋ ಯಾರೂ ಮತ್ತೆ ಮತ್ತೆ ನೋಡಲ್ಲ. ಅವರ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲು, ಅಗ್ನಿಶಾಮಕ ದಳದವರ ದೋಣಿ, ದಡದಲ್ಲಿ ಕೂತ ತಾಯಿ.

* * *

ಹಾಗಾದ್ರೆ ಏನು ಮಾಡಬೇಕು? ಕೋಟಿ ರೂಪಾಯಿಯ ಯೋಜನೆ ಏನೂ ಬೇಡ. ನನ್ನ ತಲೆಗೆ ಹೊಳೆದದ್ದು ಮೂರೇ.

ಮೊದಲನೆಯದು, ದಿನಾ ಬದಲಾಗೋ ಬೋರ್ಡು. ನಂಜನಗೂಡಿನ ಸ್ನಾನಘಟ್ಟ, ತಿರುಮಕೂಡಲಿನ ಸಂಗಮ, ತಲಕಾಡಿನ ಹೊಳೆದಂಡೆ, ಮೂರೂ ಕಡೆ. ಇವತ್ತು ಮೇಲಿಂದ ಎಷ್ಟು ನೀರು ಬಿಟ್ಟಿದ್ದಾರೆ, ಇವತ್ತು ಯಾವ ಮೆಟ್ಟಿಲವರೆಗೆ ಇಳೀಬಹುದು. ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಅಂಕಿ ಓದೋಕೆ ಬರದವರಿಗೆ ಹಸಿರು ಬಾವುಟ, ಕೆಂಪು ಬಾವುಟ. ಕನ್ನಡದ ಜೊತೆಗೆ ತಮಿಳು, ಮಲಯಾಳದಲ್ಲೂ ಇರಲಿ, ಬರೋ ಭಕ್ತರು ಅವರೂ ಹೌದು.

ಎರಡನೆಯದು, ಹಗ್ಗ. ನೀರು ಕಡಿಮೆ ಇರೋವಾಗ ಮುಂದಕ್ಕೆ, ಏರಿದಾಗ ಹಿಂದಕ್ಕೆ ಎಳೆಯೋ ಹಗ್ಗ. ಹರಿಯೋ ನೀರಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳೋ ಬಲ ನಾಲ್ಕರಷ್ಟಾಗುತ್ತೆ. ಮೊಣಕಾಲುದ್ದ ನೀರೇ ಅಲ್ವಾ ಅಂತ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ನಿಂತವನಿಗೆ ಹಿಡ್ಕೊಳ್ಳೋಕೆ ಏನಾದ್ರೂ ಇರಬೇಕು.

ಮೂರನೆಯದೇ ಮುಖ್ಯ, ಒಬ್ಬ ಮನುಷ್ಯ. ಇವರನ್ನು ಹೊರಗಿಂದ ತರಬೇಕಿಲ್ಲ. ಹರಿಗೋಲು ಹಾಕೋ, ಮೀನು ಹಿಡಿಯೋ ಕುಟುಂಬಗಳು ಎರಡೂ ಊರಲ್ಲಿದ್ದಾವೆ. ಯಾರಾದರೂ ಮುಳುಗಿದರೆ ಪೊಲೀಸಿನವರೂ ಮೊದಲು ಕೂಗೋದು ಅವರನ್ನೇ. ಹೆಣ ತೆಗೆಯೋಕೆ ಕರೆಯೋ ಬದಲು, ಹೆಣ ಬೀಳದ ಹಾಗೆ ನೋಡಿಕೊಳ್ಳೋಕೆ ಅವರನ್ನೇ ನೇಮಿಸಿ. ತಿಂಗಳ ಸಂಬಳ, ಕೆಂಪು ಜಾಕೆಟ್ಟು, ಕೊರಳಲ್ಲಿ ಪೀಪಿ. ಅವರು ‘ಇವತ್ತು ಬೇಡ’ ಅಂದರೆ ಎಂಎಲ್‌ಎ ಕಡೆಯವರಿಗೂ ಬೇಡ ಅನ್ನೋ ಹಾಗೆ ಹಿಂದೆ ಸರ್ಕಾರ ನಿಲ್ಲಬೇಕು.

‘ದೇವರ ನದಿಗೆ ಹಗ್ಗ ಕಟ್ತೀಯಾ? ಮಿಂದು ಪುಣ್ಯ ತಗೋಳೋಕೆ ಬಂದವರನ್ನ ತಡೀತೀಯಾ?’ ಅಂತ ಕೇಳೋರಿದ್ದಾರೆ, ನಮ್ಮನೆಯಲ್ಲೇ ಕೇಳಿದರು. ಅದಕ್ಕೆ ತಿರುಮಕೂಡಲೇ ಉತ್ತರ. 1989ರಿಂದ ಅಲ್ಲಿ ಕುಂಭಮೇಳ ನಡೀತಿದೆ. 2019ರಲ್ಲಿ ಆಯ್ತು, 2025ರ ಫೆಬ್ರವರಿಯಲ್ಲೂ ಆಯ್ತು. ಮೇಳದ ದಿನಗಳಲ್ಲಿ ಬ್ಯಾರಿಕೇಡು, ಈಜುಗಾರರು, ದೋಣಿ, ಮೈಕು ಎಲ್ಲ ಇರುತ್ತೆ. ಲಕ್ಷಾಂತರ ಜನ ಮೀಯ್ತಾರೆ, ಯಾರ ಪುಣ್ಯಕ್ಕೂ ಕೊರತೆ ಆಗಲ್ಲ. ಅಂದ ಮೇಲೆ ಮೂರು ದಿನ ಮಾಡಬಹುದಾದದ್ದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಣ್ಣ ಪ್ರಮಾಣದಲ್ಲಿ ಯಾಕೆ ಮಾಡಬಾರದು? ದುಡ್ಡಿಲ್ಲ ಅನ್ನೋ ಮಾತನ್ನಂತೂ ನಂಜುಂಡೇಶ್ವರನ ಹುಂಡಿ ಎಣಿಸಿದ ವರದಿ ಓದಿದವರು ಯಾರೂ ನಂಬಲ್ಲ.

ಇನ್ನು ಕೆಲವರು ‘ಇದೆಲ್ಲ ಅತಿಯಾಯ್ತು, ನಾವೆಲ್ಲ ಸೇತುವೆಯಿಂದ ಹಾರಿಯೇ ಈಜು ಕಲಿತದ್ದು’ ಅಂತಾರೆ. ಅವರ ಮೇಲೆ ನನಗೆ ಪ್ರೀತಿ ಇದೆ. ನಮ್ಮ ಹುಡುಗರು ನದಿಗೇ ಇಳೀಬಾರದು ಅಂತ ನಾನು ಹೇಳಲ್ಲ. ನದಿ ದಂಡೆಯ ಊರಲ್ಲಿ ಹುಟ್ಟಿ ಈಜು ಬರದೇ ಇರೋದು ಅದಕ್ಕಿಂತ ದೊಡ್ಡ ಅಪಾಯ. ಇಳೀಲಿ, ಹಾರಲಿ, ಬೇಸಿಗೆಯಲ್ಲಿ ದಿನಾ ಹಾರಲಿ. ಕೆಟ್ಟ ಹವಾಮಾನದ ಆ ದಿನ ನನಗೆ ಅಷ್ಟು ಖುಷಿ ಕೊಟ್ಟಿದ್ದು ಅದರ ಅತಿ ಕೆಟ್ಟ ಭಾಗವನ್ನು ನಾನು ಏಳೋಕೆ ಮುಂಚೆಯೇ ಯಾರೋ ಹಗ್ಗ ಕಟ್ಟಿ ಬೇರೆ ಮಾಡಿಟ್ಟಿದ್ದರು ಅನ್ನೋ ಕಾರಣಕ್ಕೆ. ಆ ಖುಷಿ ನಮ್ಮ ಹುಡುಗರಿಗೂ ಸಿಗಲಿ ಅಂತಷ್ಟೇ.

ನಿಮ್ಮೂರಲ್ಲೂ ಹೊಳೆಯೋ, ಕೆರೆಯೋ, ಸಮುದ್ರವೋ ಇರುತ್ತೆ. ಅಲ್ಲಿ ‘ಇವತ್ತು ಬೇಡ’ ಅನ್ನೋರು ಯಾರು? ಅಂಬಿಗರಾ, ಅರ್ಚಕರಾ, ಪೊಲೀಸಾ, ಇಲ್ಲಾ ನಮ್ಮೂರಿನ ಥರ ಬಣ್ಣ ಮಾಸಿದ ಬೋರ್ಡಾ? ಒಂದೆರಡು ಸಾಲು ಬರೀರಿ. ನಾಲ್ಕೈದು ಊರಿನ ಒಳ್ಳೆ ಉದಾಹರಣೆ ಸಿಕ್ಕರೆ ಸೇರಿಸಿ, ಮುಂದಿನ ಮುಂಗಾರಿಗೆ ಮುಂಚೆ ನಂಜನಗೂಡಿನ ನಗರಸಭೆ, ನರಸೀಪುರದ ಪುರಸಭೆ ಎರಡರ ಬಾಗಿಲಿಗೂ ಕಳಿಸೋ ಯೋಚನೆ ಇದೆ.